ಅಲ್ಬೇನಿಯಾ–ಚೀನಾ ಗೆಳೆತನ ಮುರಿದದ್ದು ಸಿದ್ಧಾಂತಕ್ಕಾ, ದುಡ್ಡಿಗಾ?

ಪ್ರಶ್ನೆ: "ಸರ್, ನಾನು ಇತಿಹಾಸದಲ್ಲಿ ಎಂ.ಎ. ಮಾಡ್ತಿದ್ದೇನೆ. ಸೆಮಿನಾರಿಗೆ ಅಲ್ಬೇನಿಯಾ ಮತ್ತು ಚೀನಾ ಸಂಬಂಧ (1961–78) ತಗೊಂಡಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಒಂದು ಕಡೆ ಇಬ್ಬರೂ ಸ್ಟಾಲಿನ್‌ವಾದಿಗಳು, ಅದಕ್ಕೇ ಗೆಳೆಯರಾದರು ಅಂತಾರೆ. ಇನ್ನೊಂದು ಕಡೆ ಅಲ್ಬೇನಿಯಾ ಸುಮ್ನೆ ದುಡ್ಡಿಗಾಗಿ ಚೀನಾದ ಬಾಲ ಹಿಡಿದಿತ್ತು, ದುಡ್ಡು ನಿಂತಾಗ ಬಿಟ್ಟಿತು ಅಂತಾರೆ. ನಮ್ಮ ಗೈಡ್ ಕೇಳಿದ ಪ್ರಶ್ನೆ: ಚೀನಾದಲ್ಲೇ ಜನ ಹಸಿವಿನಿಂದ ಸಾಯುತ್ತಿದ್ದಾಗ ಅಷ್ಟು ದೂರದ ಪುಟ್ಟ ದೇಶಕ್ಕೆ ಯಾಕೆ ಗೋಧಿ ಕಳಿಸಿದರು? ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಬೇನಿಯಾಗೆ ಬೇರೆ ದಾರಿ ಇತ್ತಾ? ಕೊನೆಗೆ ಎರಡೂ ದೇಶ ರಾಜತಾಂತ್ರಿಕ ಸಂಬಂಧ ಕಡಿದುಕೊಂಡವಾ?"

ಉತ್ತರ:

ನಿಮ್ಮ ಗೈಡ್ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ. ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತಾ ಮೂವತ್ತು ವರ್ಷ ಕಳೆದವನು ನಾನು. ಪ್ರತಿ ವರ್ಷ ಈ ಅಧ್ಯಾಯಕ್ಕೆ ಬಂದಾಗ ತರಗತಿಯಲ್ಲಿ ಯಾರಾದರೂ ಒಬ್ಬರು "ಇಬ್ಬರೂ ಕಮ್ಯುನಿಸ್ಟರೇ ಅಲ್ವಾ, ಮತ್ಯಾಕೆ ಜಗಳ?" ಅಂತ ಕೇಳಿಯೇ ಕೇಳುತ್ತಿದ್ದರು. ಅಣ್ಣ ತಮ್ಮಂದಿರು ಒಂದೇ ತಾಯಿಯ ಮಕ್ಕಳು, ಆದರೂ ಕೋರ್ಟಿನಲ್ಲಿ ಜಾಸ್ತಿ ಕೇಸು ಇರುವುದು ಅವರ ನಡುವೆಯೇ ಅಂತ ನಾನು ಹೇಳುತ್ತಿದ್ದೆ. ಅದು ನಗಿಸಲು ಹೇಳಿದ ಮಾತು, ಉತ್ತರ ಅಲ್ಲ.

ಮೊದಲು ನಿಮ್ಮ ಕೊನೆಯ ಪ್ರಶ್ನೆ ಮುಗಿಸಿಬಿಡೋಣ, ಅದು ಸುಲಭದ್ದು. ಇಲ್ಲ, ಕಡಿದುಕೊಳ್ಳಲಿಲ್ಲ. 1949ರ ನವೆಂಬರಿನಲ್ಲಿ ಶುರುವಾದ ರಾಜತಾಂತ್ರಿಕ ಸಂಬಂಧ 1978ರಲ್ಲೂ ಕಾಗದದ ಮೇಲೆ ಉಳಿಯಿತು. ನಿಂತದ್ದು ಸಾಲ, ಯಂತ್ರ, ತಜ್ಞರು, ಮತ್ತು ಮಾತುಕತೆ. ಅಲ್ಬೇನಿಯಾ ಜೊತೆ ಸಂಬಂಧವನ್ನು ನಿಜವಾಗಿಯೂ ಕಡಿದದ್ದು ಸೋವಿಯತ್ ಒಕ್ಕೂಟ, 1961ರ ಡಿಸೆಂಬರಿನಲ್ಲಿ. ಈ ಎರಡನ್ನೂ ಬಹಳ ಜನ ಒಂದರ ಮೇಲೊಂದು ಹಾಕಿ ಬರೆಯುತ್ತಾರೆ. ಸೆಮಿನಾರಿನಲ್ಲಿ ನೀವು ಆ ತಪ್ಪು ಮಾಡಬೇಡಿ.

ಈಗ ಅಸಲು ವಿಷಯ. "ಸಿದ್ಧಾಂತವಾ, ದುಡ್ಡಾ" ಅಂತ ಎರಡೇ ಪೆಟ್ಟಿಗೆ ಇಟ್ಟುಕೊಂಡರೆ ಈ ಕಥೆ ಅರ್ಥವಾಗುವುದಿಲ್ಲ. ಮೂರನೆಯದು ಒಂದಿದೆ, ಭಯ. ಅಲ್ಬೇನಿಯಾಗೆ ಇದ್ದದ್ದು ನೆರೆಯವನ ಭಯ. ಚೀನಾಗೆ ಇದ್ದದ್ದು ಒಂಟಿಯಾಗುವ ಭಯ. ಈ ಎರಡು ಭಯ 1960ರಲ್ಲಿ ಕೈ ಹಿಡಿದವು. 1971ರ ಹೊತ್ತಿಗೆ ಚೀನಾದ ಭಯ ಹೋಯಿತು, ಅಲ್ಬೇನಿಯಾದ್ದು ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಗೆಳೆತನ ಮುಗಿದದ್ದು ಅಲ್ಲಿಯೇ. ಉಳಿದ ಏಳು ವರ್ಷ ಬರೀ ಲೆಕ್ಕ ಚುಕ್ತಾ ಮಾಡುವ ಕೆಲಸ.

ನೆರೆಯವನು ಅಂದರೆ ಯುಗೋಸ್ಲಾವಿಯಾ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಬೇನಿಯಾದ ಕಮ್ಯುನಿಸ್ಟ್ ಪಕ್ಷ ಕಟ್ಟಲು ನೆರವಾದವರೇ ಯುಗೋಸ್ಲಾವಿಯಾದ ನಾಯಕ ಟೀಟೋ ಕಡೆಯವರು. ಯುದ್ಧ ಮುಗಿದ ಮೇಲೆ ಅವರು ಅಲ್ಲಿ ಮನೆಯವರಂತೆಯೇ ಓಡಾಡತೊಡಗಿದರು. ಅಲ್ಬೇನಿಯಾವನ್ನು ತಮ್ಮ ಒಕ್ಕೂಟದ ಏಳನೇ ಗಣರಾಜ್ಯ ಮಾಡಿಕೊಳ್ಳುವ ಯೋಚನೆ ಗುಟ್ಟಾಗಿಯೇನೂ ಇರಲಿಲ್ಲ. 1948ರ ಜನವರಿಯಲ್ಲಿ ಸ್ಟಾಲಿನ್ ತಮ್ಮೆದುರು ಅಲ್ಬೇನಿಯಾವನ್ನು ನುಂಗಿಕೊಳ್ಳಿ, ನಮ್ಮ ಅಭ್ಯಂತರ ಇಲ್ಲ ಎಂಬರ್ಥದ ಮಾತಾಡಿದರು ಅಂತ ಯುಗೋಸ್ಲಾವ್ ನಾಯಕ ಜಿಲಾಸ್ ಬರೆದಿಟ್ಟಿದ್ದಾರೆ. ಅಷ್ಟರಲ್ಲಿ ಅದೃಷ್ಟ ತಿರುಗಿತು. ಸ್ಟಾಲಿನ್‌ಗೂ ಟೀಟೋಗೂ ಬಿತ್ತು ಜಗಳ. 1948ರ ಜೂನ್ 28ರಂದು ಮಾಸ್ಕೋ ಮುಂದಾಳತ್ವದ ಕಮ್ಯುನಿಸ್ಟ್ ಪಕ್ಷಗಳ ಕೂಟ ಕಾಮಿನ್‌ಫಾರ್ಮ್ ಯುಗೋಸ್ಲಾವಿಯಾವನ್ನು ಹೊರಗೆ ಹಾಕಿತು. ಅಲ್ಬೇನಿಯಾದ ನಾಯಕ ಎನ್ವರ್ ಹೋಜಾ ತಡಮಾಡಲಿಲ್ಲ. ಯುಗೋಸ್ಲಾವ್ ತಜ್ಞರನ್ನೆಲ್ಲ ಗಂಟುಮೂಟೆ ಕಟ್ಟಿಸಿ ಕಳಿಸಿದರು. ತಮ್ಮದೇ ಪಕ್ಷದಲ್ಲಿದ್ದ ಟೀಟೋ ಪರ ನಾಯಕ ಕೋಚಿ ಜೋಜೆಯನ್ನು ಮರುವರ್ಷ ಮರಣದಂಡನೆಗೆ ಕಳಿಸಿದರು.

ಈ ಹಿನ್ನೆಲೆ ತಲೆಯಲ್ಲಿಟ್ಟುಕೊಂಡು 1955ಕ್ಕೆ ಬನ್ನಿ. ಸ್ಟಾಲಿನ್ ಸತ್ತು ಎರಡು ವರ್ಷ. ಸೋವಿಯತ್ ಪಕ್ಷದ ಹೊಸ ನಾಯಕ ಕ್ರುಶ್ಚೇವ್ ವಿಮಾನ ಹತ್ತಿ ಬೆಲ್‌ಗ್ರೇಡಿಗೆ ಹೋಗಿ ಟೀಟೋ ಕೈ ಕುಲುಕಿದರು. ಪ್ರಪಂಚಕ್ಕೆಲ್ಲ ಅದು ಶಾಂತಿಯ ಸುದ್ದಿ. ಅಲ್ಬೇನಿಯಾದ ರಾಜಧಾನಿ ತಿರಾನಾದಲ್ಲಿ ಕೂತ ಹೋಜಾಗೆ ಅದು ಮನೆಯ ಯಜಮಾನ ಹೋಗಿ ಕಳ್ಳನ ಜೊತೆ ಕಾಫಿ ಕುಡಿದ ಹಾಗೆ ಕಂಡಿತು. 1956ರಲ್ಲಿ ಕ್ರುಶ್ಚೇವ್ ಸ್ಟಾಲಿನ್ ವಿರುದ್ಧ ರಹಸ್ಯ ಭಾಷಣ ಮಾಡಿದಾಗ ಭಯ ಇನ್ನೂ ಜಾಸ್ತಿಯಾಯಿತು. ಸ್ಟಾಲಿನ್ ತಪ್ಪು ಮಾಡಿದ್ದರೆ, ಸ್ಟಾಲಿನ್ ಹೆಸರಿನಲ್ಲಿ ಕೋಚಿ ಜೋಜೆಯನ್ನು ಮುಗಿಸಿದ್ದೂ ತಪ್ಪೇ ಅಲ್ವಾ? ಹಾಗಾಗಿ ಹೋಜಾ ಸ್ಟಾಲಿನ್ ಚಿತ್ರ ಗೋಡೆಯಿಂದ ಇಳಿಸಲಿಲ್ಲ. ಅದರಲ್ಲಿ ಭಕ್ತಿ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಇತ್ತು. ಆದರೆ ಆ ಚಿತ್ರ ಅವರ ತಲೆಯನ್ನೂ ಕಾಯುತ್ತಿತ್ತು.

ಸಿದ್ಧಾಂತ ಬರೀ ನಾಟಕ ಅಂದವರೂ, ಸಿದ್ಧಾಂತವೇ ಎಲ್ಲ ಅಂದವರೂ ಎಡವುವುದು ಇಲ್ಲಿಯೇ. ಈ ನಾಯಕರಿಗೆ ಸಿದ್ಧಾಂತ ಮಾತಾಡುವ ಭಾಷೆಯಾಗಿತ್ತು. ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ ಅನ್ನಬೇಕಾದಾಗ "ಪರಿಷ್ಕರಣವಾದಿ" ಅನ್ನುತ್ತಿದ್ದರು, ಅಂದರೆ ಮಾರ್ಕ್ಸ್, ಲೆನಿನ್ ಮಾತನ್ನು ತಿರುಚಿದವನು. ಆ ಭಾಷೆಯಲ್ಲಿ ಬೈಗುಳಕ್ಕೂ ಒಂದು ಶಿಷ್ಟಾಚಾರ ಇತ್ತು. 1960ರಿಂದ ಕೆಲವು ವರ್ಷ ಮಾಸ್ಕೋ ಅಲ್ಬೇನಿಯಾವನ್ನು ಬೈಯುತ್ತಿತ್ತು, ಬೀಜಿಂಗ್ ಯುಗೋಸ್ಲಾವಿಯಾವನ್ನು ಬೈಯುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಮಾಸ್ಕೋ "ಅಲ್ಬೇನಿಯಾ" ಅಂದರೆ ಚೀನಾ ಅಂತ ಓದಿಕೊಳ್ಳಬೇಕು. ಬೀಜಿಂಗ್ "ಟೀಟೋ" ಅಂದರೆ ಕ್ರುಶ್ಚೇವ್ ಅಂತ ಓದಿಕೊಳ್ಳಬೇಕು. ಆ ಕಾಲದ ಪತ್ರಿಕೆಗಳನ್ನು ಈ ಕೀಲಿ ಇಲ್ಲದೆ ಓದಿದರೆ ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ. ನಮ್ಮಲ್ಲಿ 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಎರಡಾಯಿತಲ್ಲ, ಅದಕ್ಕೆ ಇಲ್ಲಿನದೇ ಕಾರಣಗಳೂ ಇದ್ದವು, ಆದರೆ ಈ ಮಾಸ್ಕೋ–ಬೀಜಿಂಗ್ ಜಗಳದ ಗಾಳಿಯೂ ಬಡಿದಿತ್ತು.

ಇನ್ನು ಗೋಧಿಯ ಕಥೆ. 1960ರಲ್ಲಿ ಅಲ್ಬೇನಿಯಾದಲ್ಲಿ ಬೆಳೆ ಕೈಕೊಟ್ಟಿತ್ತು. ಆಗ ಅಲ್ಲಿನ ಜನಸಂಖ್ಯೆ ಸುಮಾರು 16 ಲಕ್ಷ. ಮಾಸ್ಕೋಗೆ 50,000 ಟನ್ ಧಾನ್ಯ ಕೇಳಿದೆವು, 45 ದಿನ ಕಾಯಿಸಿ 10,000 ಟನ್ ಅಂದರು ಅಂತ ಹೋಜಾ ಅದೇ ವರ್ಷ ನವೆಂಬರ್ 16ರಂದು ಮಾಸ್ಕೋದಲ್ಲಿಯೇ, 81 ಪಕ್ಷಗಳ ಸಭೆಯಲ್ಲಿ, ಕ್ರುಶ್ಚೇವ್ ಎದುರಿಗೇ ಹೇಳಿದರು. ನಿಮಗೆ ಬೇಕಾದಷ್ಟು ಗೋಧಿಯನ್ನು ನಮ್ಮ ಕಣಜದಲ್ಲಿ ಇಲಿಗಳೇ ತಿಂದುಹಾಕುತ್ತವೆ ಅಂತ ಕ್ರುಶ್ಚೇವ್ ಹಿಂದೊಮ್ಮೆ ಹೇಳಿದ್ದರೆಂದೂ ಹೋಜಾ ಬರೆದಿದ್ದಾರೆ. ಹೋಜಾ ಹೇಳಿದ್ದನ್ನೆಲ್ಲ ನಾನು ನಂಬುವುದಿಲ್ಲ. ಆದರೆ ಸಣ್ಣ ದೇಶದವನಿಗೆ ಯಾವ ಮಾತು ಚುಚ್ಚುತ್ತದೆ ಅನ್ನುವುದು ಇದರಲ್ಲಿ ಕಾಣುತ್ತದೆ. ಕೊಡುವವನಿಗೆ ಅದು ತಮಾಷೆ, ಇಸ್ಕೊಳ್ಳುವವನಿಗೆ ಅದು ಹಂಗು.

ಆಗ ಚೀನಾದ ಸ್ಥಿತಿ ಏನು? ಉತ್ಪಾದನೆಯನ್ನು ದಿಢೀರನೆ ಏರಿಸಲು ಮಾವೋ ಶುರುಮಾಡಿದ ಮಹಾ ಜಿಗಿತ ಕುಸಿದು ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತ ವರ್ಷಗಳವು. 1960ರ ಬೇಸಿಗೆಯಲ್ಲಿ ಕ್ರುಶ್ಚೇವ್ ಚೀನಾದಲ್ಲಿದ್ದ ಸಾವಿರಕ್ಕೂ ಹೆಚ್ಚು ಸೋವಿಯತ್ ತಜ್ಞರನ್ನು ಒಮ್ಮೆಲೇ ವಾಪಸ್ ಕರೆಸಿಕೊಂಡಿದ್ದರು. ಅಮೆರಿಕ ಮಾನ್ಯತೆ ಕೊಟ್ಟಿರಲಿಲ್ಲ. ವಿಶ್ವಸಂಸ್ಥೆಯ ಕುರ್ಚಿಯಲ್ಲಿ ತೈವಾನ್ ಕೂತಿತ್ತು. ಇಡೀ ಕಮ್ಯುನಿಸ್ಟ್ ಲೋಕ ಮಾಸ್ಕೋ ಹಿಂದೆ ನಿಂತರೆ ಚೀನಾ ಪೂರ್ತಿ ಒಂಟಿ. 1960ರ ಜೂನ್‌ನಲ್ಲಿ ಬುಖಾರೆಸ್ಟ್ ಸಭೆಯಲ್ಲಿ ಎಲ್ಲರೂ ಸೇರಿ ಚೀನಾವನ್ನು ತರಾಟೆಗೆ ತೆಗೆದುಕೊಂಡಾಗ, ಆ ಗುಂಪಿಗೆ ಸೇರಲು ಒಪ್ಪದ ಯುರೋಪಿನ ಒಂದೇ ಆಳುವ ಪಕ್ಷ ಅಲ್ಬೇನಿಯಾದ್ದು. ಹೋಜಾ ತಾವು ಹೋಗದೆ ತಮ್ಮ ಪಕ್ಷದ ಹಿರಿಯ ನಾಯಕ ಹ್ಯೂಸ್ನಿ ಕಾಪೋ ಅವರನ್ನು ಕಳಿಸಿದ್ದರು. ಆ ಒಂದು ದನಿಗೆ ಚೀನಾ ಬೆಲೆ ಕಟ್ಟಿತು. 1961ರಲ್ಲಿ 12.5 ಕೋಟಿ ಡಾಲರ್ ಸಾಲ ಘೋಷಿಸಿತು. ಚೀನಾ ಕೆನಡಾದಿಂದ ಕೊಂಡ ಗೋಧಿಯ ಹಡಗುಗಳನ್ನು ಅರ್ಧ ದಾರಿಯಲ್ಲಿ ಅಲ್ಬೇನಿಯಾ ಕಡೆ ತಿರುಗಿಸಲಾಯಿತು ಅನ್ನುವುದು ಚೀನಾದ ರಾಜತಾಂತ್ರಿಕರೇ ನೆನಪಿಸಿಕೊಂಡಿರುವ ಸಂಗತಿ. ನಿಮ್ಮ ಗೈಡ್ ಪ್ರಶ್ನೆಗೆ ಉತ್ತರ ಇದು: ಆ ಗೋಧಿ ದಾನ ಅಲ್ಲ, ಯುರೋಪಿನಲ್ಲಿ ಒಂದು ಬಾಯಿ ಕೊಂಡ ಬೆಲೆ. ಹಸಿದ ಸ್ವಂತ ರೈತನಿಗೆ ಆ ಬೆಲೆ ಕಟ್ಟುವುದು ಇಷ್ಟವಿತ್ತಾ ಅಂತ ಯಾರೂ ಕೇಳಲಿಲ್ಲ, ಬಿಡಿ.

ಅಲ್ಬೇನಿಯಾಗೆ ಬೇರೆ ದಾರಿ ಇತ್ತಾ ಅಂತ ಕೇಳಿದ್ದೀರಿ. ಹೋಜಾ ಕುರ್ಚಿಯಲ್ಲಿ ಒಂದು ಗಳಿಗೆ ಕೂತು ನೋಡಿ. ಕ್ರುಶ್ಚೇವ್‌ಗೆ ತಲೆಬಾಗಬಹುದಿತ್ತು. ಧಾನ್ಯ ಬರುತ್ತಿತ್ತು, ಕಾರ್ಖಾನೆ ಬರುತ್ತಿತ್ತು. ಆದರೆ ಕ್ರುಶ್ಚೇವ್ ಹಿಂದೆಯೇ ಟೀಟೋ ಬರುತ್ತಿದ್ದರು, ಪಕ್ಷದೊಳಗಿನ ಮಾಸ್ಕೋ ಪರ ಜನ ಮೇಲೆ ಬರುತ್ತಿದ್ದರು. ದೇಶ ಉಳಿಯಬಹುದಿತ್ತು, ಹೋಜಾ ಉಳಿಯುತ್ತಿರಲಿಲ್ಲ. ಪಶ್ಚಿಮದ ಕಡೆ ತಿರುಗಬಹುದಿತ್ತಾ? 1946ರಲ್ಲಿ ಕೋರ್ಫು ಕಾಲುವೆಯಲ್ಲಿ ಬ್ರಿಟಿಷ್ ಯುದ್ಧನೌಕೆಗಳು ನೀರಿನಲ್ಲಿ ಹುದುಗಿಸಿಟ್ಟ ಸ್ಫೋಟಕಗಳಿಗೆ (ಮೈನ್) ಸಿಕ್ಕಿ 44 ನಾವಿಕರು ಸತ್ತಿದ್ದರು, ಅಂತರರಾಷ್ಟ್ರೀಯ ನ್ಯಾಯಾಲಯ ಅಲ್ಬೇನಿಯಾದ್ದೇ ತಪ್ಪು ಅಂದಿತ್ತು. ಅಮೆರಿಕ ಬ್ರಿಟನ್ ಎರಡೂ ಸೇರಿ 1949ರಿಂದ ಕೆಲವು ವರ್ಷ ಸರ್ಕಾರ ಉರುಳಿಸಲು ಜನರನ್ನು ಒಳಗೆ ನುಗ್ಗಿಸಿದ್ದವು. ಪಕ್ಕದ ಗ್ರೀಸ್ ಜೊತೆ ಕಾನೂನಿನ ಪ್ರಕಾರ ಇನ್ನೂ ಯುದ್ಧಸ್ಥಿತಿ, ಅದು ಮುಗಿದದ್ದು 1987ರಲ್ಲಿ! ಆ ಬಾಗಿಲು ಎರಡೂ ಕಡೆಯಿಂದ ಬೀಗ ಹಾಕಿತ್ತು. ಅಲಿಪ್ತ ಗುಂಪಿಗೆ ಹೋಗೋಣ ಅಂದರೆ ಅಲ್ಲಿ ಮುಂದಿನ ಸಾಲಿನಲ್ಲಿ ಟೀಟೋ.

ಉಳಿದದ್ದು ಚೀನಾ. ಚೀನಾದ ದೊಡ್ಡ ಗುಣ ಅಂದರೆ ಅದು ಬಹಳ ದೂರ. ದೂರದ ಗೆಳೆಯ ಸೈನ್ಯ ತಂದು ಮನೆಯಲ್ಲಿ ಕೂರುವುದಿಲ್ಲ. ಆದರೆ ಅದೇ ದೂರದ ಗೆಳೆಯ ಪೆಟ್ಟು ಬೀಳುವಾಗ ಓಡಿ ಬರಲೂ ಆಗುವುದಿಲ್ಲ. ವ್ಲೋರಾ ಕೊಲ್ಲಿಯ ಪಾಶಾಲಿಮಾನ್ ನೌಕಾನೆಲೆಯಿಂದ 1961ರಲ್ಲಿ ಸೋವಿಯತ್ ಸಬ್‌ಮರೀನುಗಳು ಹೊರಟುಹೋದವು, ನಾಲ್ಕು ಮಾತ್ರ ಅಲ್ಬೇನಿಯಾ ಕೈಯಲ್ಲಿ ಉಳಿದವು. ಆ ಜಾಗ ತುಂಬಲು ಚೀನಾದ ಹತ್ತಿರ ಮೆಡಿಟರೇನಿಯನ್‌ನಲ್ಲಿ ಏನೂ ಇರಲಿಲ್ಲ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಅಲ್ಬೇನಿಯಾ ಹೆದರಿ ಸೋವಿಯತ್ ಬಣದ ಸೈನಿಕ ಕೂಟವಾದ ವಾರ್ಸಾ ಒಪ್ಪಂದದಿಂದ ಅಧಿಕೃತವಾಗಿ ಹೊರಬಂತು. ಆಗ ಯುಗೋಸ್ಲಾವಿಯಾ, ರುಮೇನಿಯಾ ಜೊತೆ ಸೇರಿ ರಕ್ಷಣೆ ನೋಡಿಕೊಳ್ಳಿ ಅಂತ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಸಲಹೆ ಕೊಟ್ಟರು ಅಂತ ಅಲ್ಬೇನಿಯಾ ಆಮೇಲೆ ದೂರಿತು. ಯಾರಿಗೆ ಹೆದರಿ ಚೀನಾ ಹತ್ತಿರ ಹೋಗಿದ್ದರೋ ಅವರ ಜೊತೆಯೇ ಸೇರಿ ಅನ್ನುವ ಸಲಹೆ! ಹೋಜಾಗೆ ಹೇಗಾಗಿರಬೇಕು ನೋಡಿ.

ಉತ್ತರ ಕೊರಿಯಾದ ಕಿಮ್ ಇಲ್ ಸುಂಗ್ ಮಾಸ್ಕೋ, ಬೀಜಿಂಗ್ ಎರಡರ ಹತ್ತಿರವೂ 1961ರ ಜುಲೈ ಒಂದೇ ತಿಂಗಳಲ್ಲಿ ರಕ್ಷಣಾ ಒಪ್ಪಂದ ಮಾಡಿಸಿಕೊಂಡರಲ್ಲ, ಹೋಜಾಗೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಸೆಮಿನಾರಿನಲ್ಲಿ ಕೇಳಬಹುದು. ಭೂಪಟ ತೋರಿಸಿ ಸಾಕು. ಕೊರಿಯಾದ ಗಡಿ ಎರಡಕ್ಕೂ ತಾಗುತ್ತದೆ, ಇಬ್ಬರಿಗೂ ಅದು ಬೇಕು. ಅಲ್ಬೇನಿಯಾದ ಗಡಿ ಎರಡಕ್ಕೂ ತಾಗುವುದಿಲ್ಲ.

ಗೆಳೆತನ ಚೆನ್ನಾಗಿದ್ದ ವರ್ಷಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ಫೋಟೋಗಳು ನಿಮಗೆ ಬೇಕಾದಷ್ಟು ಸಿಗುತ್ತವೆ. ಚೌ ಎನ್‌ಲಾಯ್ 1963ರ ಕೊನೆಯಿಂದ 1966ರ ಒಳಗೆ ಮೂರು ಸಲ ಅಲ್ಬೇನಿಯಾಗೆ ಹೋದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚೀನಾದ ಜನ ನೋಡಲು ಸಿಗುತ್ತಿದ್ದ ಕೆಲವೇ ವಿದೇಶಿ ಸಿನಿಮಾಗಳಲ್ಲಿ ಅಲ್ಬೇನಿಯಾದವು ಮುಖ್ಯ. ಇಷ್ಟಾದರೂ ಹೋಜಾ ಚೀನಾಗೆ ಹೋದದ್ದು ಒಂದೇ ಸಲ, 1956ರಲ್ಲಿ, ಅದೂ ಸ್ನೇಹ ಗಟ್ಟಿಯಾಗುವ ಮೊದಲು. ಇದು ನನಗೆ ಯಾವಾಗಲೂ ವಿಚಿತ್ರ ಅನ್ನಿಸಿದೆ.

"ಬಾಲ ಹಿಡಿದಿತ್ತು" ಅನ್ನುವ ಮಾತು ಮಾತ್ರ ಶುದ್ಧ ಸುಳ್ಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ರಾಜತಂತ್ರದಲ್ಲಿ ನಾನು ಕಂಡಿಲ್ಲ. 1969ರಲ್ಲಿ ಚೀನಾದ ರಾಯಭಾರಿಯಾಗಿ ತಿರಾನಾಗೆ ಹೋದ ಗೆಂಗ್ ಬಿಯಾವ್ ತಮ್ಮ ಅನುಭವ ಬರೆದಿದ್ದಾರೆ. ಚೀನಾ ಕಳಿಸಿದ ಒಳ್ಳೆಯ ಉಕ್ಕಿನ ಕೊಳವೆಗಳು ರಸ್ತೆ ಬದಿಯ ಕಂಬಗಳಾಗಿ ನಿಂತಿದ್ದವು. ಸಿಮೆಂಟು ಸ್ಮಾರಕಗಳಿಗೆ ಹೋಗುತ್ತಿತ್ತು. ಗೊಬ್ಬರ ಹೊಲದ ಬದಿಯಲ್ಲಿ ಬಿಸಿಲಿಗೆ ಮಳೆಗೆ ಬಿದ್ದಿರುತ್ತಿತ್ತು. ಕೇಳಿದರೆ, ಹಾಳಾದರೆ ಚೀನಾ ಮತ್ತೆ ಕೊಡುತ್ತದೆ ಅನ್ನುವ ಧಾಟಿಯ ಉತ್ತರ. ಆ ಹೊತ್ತಿಗೆ ಕೊಟ್ಟ ನೆರವನ್ನು ಅಲ್ಬೇನಿಯಾದ ತಲೆಗಳಿಗೆ ಹಂಚಿದರೆ ತಲಾ 4,000 ಯುವಾನ್ ಆಗುತ್ತಿತ್ತು, ಚೀನಾದವರ ತಲಾ ಆದಾಯ ವರ್ಷಕ್ಕೆ 200 ಚಿಲ್ಲರೆ ಅಂತ ಅವರ ಲೆಕ್ಕ. ಇದು ಚೀನಾ ಕಡೆಯವರ ಲೆಕ್ಕ ಅನ್ನುವುದು ನೆನಪಿರಲಿ. ಅಲ್ಬೇನಿಯಾದವರ ಪ್ರಕಾರ ಯಂತ್ರಗಳು ತಡವಾಗಿ ಬಂದವು, ಅರ್ಧಂಬರ್ಧ ಬಂದವು. ಎರಡೂ ನಿಜ ಇರಬಹುದು. ಕೆಲಸ ಮಾಡಿಸಿದವರನ್ನೂ ಮಾಡಿದವರನ್ನೂ ಬೇರೆ ಬೇರೆ ಕೂರಿಸಿ ಕೇಳಿದರೆ ಯಾವಾಗಲೂ ಹೀಗೇ.

ಈಗ 1971ಕ್ಕೆ ಬರೋಣ. ನಿಮ್ಮ ಸೆಮಿನಾರಿನ ಗುಂಡಿಗೆ ಇದೇ. ವಿಶ್ವಸಂಸ್ಥೆಯಲ್ಲಿ ಚೀನಾಗೆ ಕುರ್ಚಿ ಕೊಡಿಸುವ ನಿರ್ಣಯವನ್ನು ವರ್ಷ ವರ್ಷವೂ ಎತ್ತಿ ಹಿಡಿಯುತ್ತಿದ್ದವರಲ್ಲಿ ಅಲ್ಬೇನಿಯಾ ಮುಂದೆ. ಅಕ್ಟೋಬರ್ 25ರ ರಾತ್ರಿ ಅಲ್ಬೇನಿಯಾ, ಅಲ್ಜೀರಿಯಾ ಮುಂತಾದ 23 ದೇಶಗಳ ನಿರ್ಣಯ ಮತಕ್ಕೆ ಬಂತು. ಪರ 76, ವಿರುದ್ಧ 35, ತಟಸ್ಥ 17. ಭಾರತದ್ದೂ ಪರವಾಗಿಯೇ ಬಿದ್ದ ಮತ. ನಿರ್ಣಯದ ಸಂಖ್ಯೆ 2758. ಸಭಾಂಗಣದಲ್ಲಿ ಚಪ್ಪಾಳೆ, ಆಫ್ರಿಕಾದ ಕೆಲವು ಪ್ರತಿನಿಧಿಗಳು ಎದ್ದು ಕುಣಿದರು. ಆದರೆ ಆ ಹೊತ್ತಿಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ ಜುಲೈನಲ್ಲಿ ಬೀಜಿಂಗಿಗೆ ಗುಟ್ಟಾಗಿ ಹೋಗಿ ಬಂದಾಗಿತ್ತು. ನಿಕ್ಸನ್ ಬರುವುದು ಖಾತ್ರಿಯಾಗಿತ್ತು. ಹೋಜಾ ಆಗಸ್ಟ್‌ನಲ್ಲಿಯೇ ಮಾವೋಗೆ ಉದ್ದದ ಆಕ್ಷೇಪದ ಪತ್ರ ಬರೆದಿದ್ದರು. ಉತ್ತರ ಬರಲಿಲ್ಲ. ನವೆಂಬರಿನಲ್ಲಿ ತಿರಾನಾದಲ್ಲಿ ನಡೆದ ಪಕ್ಷದ ಮಹಾಧಿವೇಶನಕ್ಕೆ ಚೀನಾ ಪಕ್ಷದ ನಿಯೋಗವೂ ಬರಲಿಲ್ಲ. ಅಂದರೆ ಕುರ್ಚಿ ಕೊಡಿಸಿದ ತಿಂಗಳೊಳಗೇ ಮನೆಯ ಸಮಾರಂಭಕ್ಕೆ ಗೆಳೆಯ ಗೈರುಹಾಜರು. ಚೀನಾಗೆ ಈಗ ವಿಶ್ವಸಂಸ್ಥೆಯಲ್ಲಿ ಸ್ವಂತ ಬಾಯಿ ಬಂದಿತ್ತು. ಬಾಡಿಗೆ ಬಾಯಿಗೆ ಹಳೆಯ ಬೆಲೆ ಯಾಕೆ ಕೊಡಬೇಕು? ಅಲ್ಬೇನಿಯಾ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ಆಮೇಲೆ ಅದರ ಅಗತ್ಯವೇ ಉಳಿಯಲಿಲ್ಲ.

ಇಲ್ಲಿಂದ ಮುಂದೆಯೂ ಹೋಜಾಗೆ ದಾರಿಗಳಿದ್ದವು, ಎರಡನೇ ಸಲದ ಆಯ್ಕೆಗಳಲ್ಲಿ ಅವರ ಮೇಲೆ ನನಗೆ ಕನಿಕರ ಕಡಿಮೆ. ಬಾಯಿ ಮುಚ್ಚಿಕೊಂಡು ಬಂದಷ್ಟು ಇಸ್ಕೊಳ್ಳಬಹುದಿತ್ತು. ಸಾಲ ಕಡಿಮೆಯಾಗುತ್ತಿತ್ತು, ಎಲ್ಬಸಾನ್‌ನ ದೊಡ್ಡ ಉಕ್ಕಿನ ಕಾರ್ಖಾನೆಯಾದರೂ ಪೂರ್ತಿಯಾಗುತ್ತಿತ್ತು. ಅದರಲ್ಲಿದ್ದ ಅಪಾಯ, ಒಳಗಿನವರು ಚೀನಾ ಜೊತೆ ಹತ್ತಿರವಾಗುವುದು. ಚೀನಾ ಜೊತೆ ಶಸ್ತ್ರಾಸ್ತ್ರದ ವ್ಯವಹಾರ ನೋಡುತ್ತಿದ್ದ ರಕ್ಷಣಾ ಮಂತ್ರಿ ಬೆಕಿರ್ ಬಲ್ಲುಕು 1974ರಲ್ಲಿ ಕೆಳಗಿಳಿದರು, ಮರುವರ್ಷ ಗುಂಡಿಗೆ ಬಲಿಯಾದರು. ಇಟಲಿ, ಫ್ರಾನ್ಸ್ ಜೊತೆ ವ್ಯಾಪಾರ ನಿಧಾನಕ್ಕೆ ಬೆಳೆಸಬಹುದಿತ್ತು. ಆ ದಾರಿಗೆ ಹೋಜಾ ಸ್ವತಃ ಮುಳ್ಳು ಹಾಕಿದರು. 1976ರ ಸಂವಿಧಾನದಲ್ಲಿ ವಿದೇಶಿ ಸಾಲ ತೆಗೆದುಕೊಳ್ಳುವುದನ್ನೇ ನಿಷೇಧಿಸಿದರು. ಅದರ ಜೊತೆಗೆ ದೇಶದ ತುಂಬ ಕಾಂಕ್ರೀಟ್ ಬಂಕರುಗಳು, ದಾಖಲೆಯ ಪ್ರಕಾರವೇ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಜಾಸ್ತಿ. ಮನೆ ಕಟ್ಟಬೇಕಾದ ಸಿಮೆಂಟು, ಕಬ್ಬಿಣ ಅದಕ್ಕೆ ಹೋಯಿತು.

ಕೊನೆಯ ಅಂಕ ಬೇಗ ಮುಗಿಯಿತು. 1976ರ ಸೆಪ್ಟೆಂಬರಿನಲ್ಲಿ ಮಾವೋ ತೀರಿಕೊಂಡರು. 1977ರ ಜುಲೈ 7ರಂದು ತಿರಾನಾದ ಪಕ್ಷದ ಪತ್ರಿಕೆ ಚೀನಾದ "ಮೂರು ಲೋಕ" ವಾದವನ್ನು (ಮಹಾಶಕ್ತಿಗಳು, ಉಳಿದ ಮುಂದುವರಿದ ದೇಶಗಳು, ಬಡ ದೇಶಗಳು ಅಂತ ಜಗತ್ತನ್ನು ಮೂರು ಮಾಡುವ ವಾದ) ಚೀನಾದ ಹೆಸರು ಹೇಳದೆ ಹರಿದುಹಾಕಿತು. ಅದೇ ವರ್ಷ ಬೀಜಿಂಗ್ ಯಾರನ್ನು ಕರೆಸಿ ಸತ್ಕರಿಸಿತು ಗೊತ್ತಾ? ಟೀಟೋ. ಸರಿಯಾಗಿ ವರ್ಷ ತುಂಬಿದ ದಿನ, 1978ರ ಜುಲೈ 7ರಂದು, ನೆರವು ನಿಲ್ಲಿಸಿದ್ದೇವೆ, ತಜ್ಞರನ್ನು ವಾಪಸ್ ಕರೆಸುತ್ತಿದ್ದೇವೆ ಅನ್ನುವ ಚೀನಾದ ಪತ್ರ ಅಲ್ಬೇನಿಯಾ ಕೈ ಸೇರಿತು. ದುಡ್ಡು ನಿಂತದ್ದಕ್ಕೆ ಜಗಳವಾಯಿತು ಅನ್ನುವವರಿಗೆ ಈ ಎರಡು ತಾರೀಖು ತೋರಿಸಿ. ಜಗಳ ಮೊದಲು, ದುಡ್ಡು ಆಮೇಲೆ. 1983ರ ಹೊತ್ತಿಗೆ ವ್ಯಾಪಾರ ಸಣ್ಣದಾಗಿ ಮತ್ತೆ ಶುರುವಾಯಿತು, ಯಾರೂ ಅದರ ಬಗ್ಗೆ ಡಂಗುರ ಹೊಡೆಯಲಿಲ್ಲ.

ಓದುವಾಗ ಒಂದು ಎಚ್ಚರಿಕೆ. ಚೀನಾ ಬಗ್ಗೆ ಹೋಜಾ ಬರೆದಿಟ್ಟ ದಿನಚರಿ ಎರಡು ಸಂಪುಟಗಳಲ್ಲಿ 1979ರಲ್ಲಿ ಅಚ್ಚಾಯಿತು, ಅಂದರೆ ಜಗಳ ಮುಗಿದ ಮೇಲೆ. ಅದರಲ್ಲಿ ಅವರು 1962ರಿಂದಲೇ ಎಲ್ಲವನ್ನೂ ಮೊದಲೇ ಕಂಡಿದ್ದವರ ಹಾಗೆ ಕಾಣುತ್ತಾರೆ. ಅಂಥ ದಿನಚರಿಯನ್ನು ನಾನು ಅರ್ಧ ಮಾತ್ರ ನಂಬಿಕೊಂಡೇ ಓದುವುದು. ಗೆಂಗ್ ಬಿಯಾವ್ ನೆನಪುಗಳಿಗೂ ಅದೇ ಮಾತು, ಅವರೂ ಜಗಳದ ನಂತರ ಬರೆದವರು. ಸಮಯ ಕಡಿಮೆ ಇದ್ದರೆ 1978ರ ಜುಲೈ 7ರ ಚೀನಾ ಪತ್ರ ಮತ್ತು ಜುಲೈ 29ರ ಅಲ್ಬೇನಿಯಾದ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಮಾರ್ಕ್ಸ್, ಲೆನಿನ್ ಹೆಸರುಗಳ ಮಧ್ಯೆ ಯಾವ ಕಾರ್ಖಾನೆಗೆ ಯಾವ ಯಂತ್ರ ಬರಲಿಲ್ಲ, ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದೇ ಎದ್ದು ಕಾಣುತ್ತದೆ. ಪಾಲು ವಿಭಾಗದ ಪಂಚಾಯ್ತಿ ನೋಡಿದವರಿಗೆ ಆ ಧಾಟಿ ಹೊಸದಲ್ಲ.

ಸೆಮಿನಾರಿಗೆ ಒಂದು ಚಿತ್ರ ಬೇಕಾದರೆ ಮಾವೋ, ಹೋಜಾ ಜೊತೆಗಿರುವ ಪೋಸ್ಟರ್ ಬಿಡಿ, ಅದನ್ನು ಎಲ್ಲರೂ ಹಾಕುತ್ತಾರೆ. ಅಲ್ಬೇನಿಯಾ 1964ರಲ್ಲಿ ಚೀನಾಗೆ ಹತ್ತು ಸಾವಿರ ಆಲಿವ್ ಸಸಿ ಕೊಟ್ಟಿತ್ತು. ಆ ಮಾರ್ಚ್‌ನಲ್ಲಿ ಚೌ ಎನ್‌ಲಾಯ್ ಕುನ್ಮಿಂಗ್ ಪಕ್ಕದ ಹೈಕೌ ಅರಣ್ಯ ತೋಟದಲ್ಲಿ ಸಲಿಕೆ ಹಿಡಿದು ಒಂದನ್ನು ತಾವೇ ನೆಟ್ಟರು. ಆ ಫೋಟೋ ಸಿಗುತ್ತದೆ, ಹುಡುಕಿ.